ಸನ್ ಅಲ್ಟ್ರಾ 5 ಮತ್ತು ಅಲ್ಟ್ರಾ 10: ನೆಟ್‌ವರ್ಕ್ ಮೂಲಕ ಲಿನಕ್ಸ್ ಬೂಟ್ ಆಗದಿದ್ದಾಗ ಪದೇ ಪದೇ ಕೇಳುವ ಪ್ರಶ್ನೆಗಳು

ಸನ್ ಮೈಕ್ರೋಸಿಸ್ಟಮ್ಸ್ 1998ರಲ್ಲಿ ಮಾರುಕಟ್ಟೆಗೆ ತಂದ ಅಲ್ಟ್ರಾ 5 ಮತ್ತು ಅಲ್ಟ್ರಾ 10 ವರ್ಕ್‌ಸ್ಟೇಷನ್‌ಗಳು ಇಂದಿಗೂ ಹಲವರ ಮೇಜಿನ ಮೇಲೆ ಜೀವಂತವಾಗಿವೆ. 64 ಬಿಟ್‌ನ ಅಲ್ಟ್ರಾಸ್ಪಾರ್ಕ್ ಟು-ಐ (IIi) ಪ್ರೊಸೆಸರ್ ಕಲಿಯಲು, ಇಂಟೆಲ್ ಅಲ್ಲದ ಯಂತ್ರದಲ್ಲಿ ತಮ್ಮ ಪ್ರೋಗ್ರಾಂ ಪರೀಕ್ಷಿಸಲು, ಅಥವಾ ಹಳೆಯ ಯಂತ್ರವೊಂದನ್ನು ಗುಜರಿಗೆ ಹೋಗದಂತೆ ಉಳಿಸಿಕೊಳ್ಳಲು ಇವುಗಳಲ್ಲಿ ಲಿನಕ್ಸ್ ಹಾಕಲು ಬಯಸುವವರು ಮೊದಲು ಎಡವುವುದು ಬೂಟ್ ಮಾಡುವ, ಅಂದರೆ ಲಿನಕ್ಸನ್ನು ಸ್ಮೃತಿಗೆ ಇಳಿಸಿ ಆರಂಭಿಸುವ, ಹಂತದಲ್ಲಿಯೇ. ಈ ಪುಟವು ಆ ಒಂದು ಹಂತಕ್ಕೆ ಮೀಸಲು. ಸ್ಪಾರ್ಕ್‌ಸ್ಟೇಷನ್ 5, 20ರಂಥ ಇನ್ನೂ ಹಳೆಯ ಯಂತ್ರಗಳಿಗೆ ಅನ್ವಯಿಸುವ ವ್ಯತ್ಯಾಸಗಳನ್ನು ಆಯಾ ಸ್ಥಳದಲ್ಲಿ ಹೇಳಿದೆ. ಆದೇಶಗಳನ್ನು ಉಚ್ಚಾರಣೆಗೆ ತಕ್ಕಂತೆ ಬರೆದಿದೆ. ಟೈಪ್ ಮಾಡುವಾಗ ಅವೆಲ್ಲವೂ ಇಂಗ್ಲಿಷ್‌ನ ಸಣ್ಣಕ್ಷರಗಳು.

ಸಿಡಿ ಇರುವಾಗ ನೆಟ್‌ವರ್ಕ್ ಮೂಲಕವೇ ಏಕೆ ಬೂಟ್ ಮಾಡಬೇಕು?

ಇಷ್ಟು ವರ್ಷಗಳ ನಂತರ ಸಿಡಿ ಡ್ರೈವ್‌ನ ಲೆನ್ಸ್ ನಂಬಿಕೆಗೆ ಅರ್ಹವಾಗಿ ಉಳಿದಿರುವುದು ಅಪರೂಪ. ಮನೆಯಲ್ಲಿ ಬರೆದ ಸಿಡಿಗಳನ್ನು ಅದು ಅರ್ಧ ಓದಿ ನಿಲ್ಲಿಸುವುದು ಸಾಮಾನ್ಯ. ಯುಎಸ್‌ಬಿಯಿಂದ ಬೂಟ್ ಮಾಡುವ ದಾರಿ ಈ ಯಂತ್ರಗಳಲ್ಲಿ ಇಲ್ಲ. ನೆಟ್‌ವರ್ಕ್ ಬೂಟ್ ಮಾತ್ರ ಈ ಯಂತ್ರಗಳ ಹುಟ್ಟುಗುಣ. ಡಿಸ್ಕ್ ಇಲ್ಲದ ವರ್ಕ್‌ಸ್ಟೇಷನ್‌ಗಳನ್ನು ಸನ್ 1980ರ ದಶಕದಿಂದಲೇ ಮಾರುತ್ತಿತ್ತು, ಹಾಗಾಗಿ ನೆಟ್‌ವರ್ಕ್‌ನಿಂದ ಕರ್ನಲ್ (ಕಾರ್ಯವ್ಯವಸ್ಥೆಯ ತಿರುಳು) ತರಿಸಿಕೊಳ್ಳುವ ಕೆಲಸವನ್ನು ಯಂತ್ರದೊಳಗೇ ಇರುವ ಆರಂಭಿಕ ತಂತ್ರಾಂಶ, ಅಂದರೆ ಫರ್ಮ್‌ವೇರ್, ಆದ ಓಪನ್‌ಬೂಟ್ ಯಾವ ಹೆಚ್ಚುವರಿ ಕಾರ್ಡ್ ಅಥವಾ ರೋಮ್ (ROM) ಚಿಪ್‌ನ ಹಂಗಿಲ್ಲದೆ ಮಾಡುತ್ತದೆ.

ಇಲ್ಲಿ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬೂಟ್ ವಿಫಲವಾದಾಗ ಎಲ್ಲರ ಅನುಮಾನವೂ ಹಳೆಯ ಯಂತ್ರದ ಮೇಲೆ ಬೀಳುತ್ತದೆ. ಆದರೆ ಆ ಯಂತ್ರ 1998ರಲ್ಲಿ ಏನು ಮಾಡುತ್ತಿತ್ತೋ ಇಂದೂ ಅದನ್ನೇ ಮಾಡುತ್ತಿದೆ. ಬದಲಾಗಿರುವುದು ಅದರ ಸುತ್ತಲಿನ ಸ್ವಿಚ್, ಸರ್ವರ್, ಫೈರ್‌ವಾಲ್ ಮತ್ತು ಅವುಗಳ ಪೂರ್ವನಿಗದಿತ ಆಯ್ಕೆಗಳು. ನೆನಪಿನ ಚಿಪ್‌ನ ಬ್ಯಾಟರಿಯೊಂದನ್ನು ಬಿಟ್ಟರೆ, ಕೆಳಗಿನ ತೊಂದರೆಗಳಲ್ಲಿ ಹೆಚ್ಚಿನವುಗಳ ಪರಿಹಾರ ಸರ್ವರ್ ಕಡೆಯಲ್ಲೇ ಇದೆ.

‘ಬೂಟ್ ನೆಟ್’ ಎಂದು ಆದೇಶ ಕೊಟ್ಟಾಗ ನಿಜವಾಗಿ ಏನು ನಡೆಯುತ್ತದೆ?

ಈ ಕ್ರಮವನ್ನು ಅರ್ಥಮಾಡಿಕೊಂಡರೆ ಉಳಿದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ತಾವಾಗಿಯೇ ಬಗೆಹರಿಯುತ್ತವೆ. ಮೊದಲಿಗೆ ಓಪನ್‌ಬೂಟ್ ತನ್ನ ಈಥರ್‌ನೆಟ್ ಚಿಪ್ಪನ್ನು ಎಬ್ಬಿಸಿ ಸ್ವಿಚ್‌ನೊಂದಿಗೆ ವೇಗವನ್ನು ನಿಗದಿ ಮಾಡಿಕೊಳ್ಳುತ್ತದೆ. ಬಳಿಕ, ಈಥರ್‌ನೆಟ್ ಪೋರ್ಟಿನ ಗುರುತಿನ ಸಂಖ್ಯೆಯಾದ ಮ್ಯಾಕ್ ವಿಳಾಸವನ್ನು ಹೇಳಿ, ‘ನನ್ನ ಮ್ಯಾಕ್ ವಿಳಾಸ ಇದು, ನನ್ನ ಐಪಿ ವಿಳಾಸ ಯಾವುದು?’ ಎಂದು ಕೇಳುವ ಆರ್‌ಎಆರ್‌ಪಿ ಪ್ಯಾಕೆಟ್ಟನ್ನು ಜಾಲದಲ್ಲಿರುವ ಎಲ್ಲರಿಗೂ ಕೇಳುವಂತೆ ಕಳುಹಿಸುತ್ತದೆ. ಆರ್‌ಎಫ್‌ಸಿ 903 ಎಂಬ ಹೆಸರಿನಲ್ಲಿ 1984ರಲ್ಲಿ ದಾಖಲಾದ ಈ ಪ್ರೋಟೊಕಾಲ್ ಐಪಿ ವಿಳಾಸವೊಂದನ್ನು ಮಾತ್ರ ತಿಳಿಸುತ್ತದೆ. ನೆಟ್‌ಮಾಸ್ಕ್, ಗೇಟ್‌ವೇ, ಕಡತದ ಹೆಸರು ಯಾವುದನ್ನೂ ತಿಳಿಸುವುದಿಲ್ಲ.

ಉತ್ತರ ಸಿಕ್ಕ ಕೂಡಲೇ, ಉತ್ತರ ಕೊಟ್ಟ ಯಂತ್ರವನ್ನೇ ಓಪನ್‌ಬೂಟ್ ಟಿಎಫ್‌ಟಿಪಿ (ಕಡತ ಕಳುಹಿಸುವ ಸರಳ ಪ್ರೋಟೊಕಾಲ್) ಸರ್ವರ್ ಎಂದು ಭಾವಿಸಿ, ತನಗೆ ಸಿಕ್ಕ ಐಪಿ ವಿಳಾಸವನ್ನೇ ಹದಿನಾರರ ಆಧಾರದ ಅಂಕಿಗಳಲ್ಲಿ ಬರೆದ ಹೆಸರಿನ ಕಡತವನ್ನು ಕೇಳುತ್ತದೆ. ಆ ಕಡತ ಸ್ಮೃತಿಗೆ ಬಂದು ಇಳಿದ ಮೇಲೆ ನಿಯಂತ್ರಣ ಅದಕ್ಕೆ ಹೋಗುತ್ತದೆ, ಅಂದರೆ ಲಿನಕ್ಸ್ ಕರ್ನಲ್ ಆರಂಭವಾಗುತ್ತದೆ. ಕೊನೆಗೆ ಕರ್ನಲ್ ತನ್ನ ರೂಟ್ ಕಡತ ವ್ಯವಸ್ಥೆಯನ್ನು, ಜೊತೆಯಲ್ಲೇ ಬಂದ ರಾಮ್‌ಡಿಸ್ಕ್‌ನಲ್ಲೋ (ಸ್ಮೃತಿಯಲ್ಲೇ ಇರುವ ತಾತ್ಕಾಲಿಕ ಡಿಸ್ಕ್) ಜಾಲದ ಮೂಲಕ ಕಡತಗಳನ್ನು ಹಂಚಿಕೊಳ್ಳುವ ಎನ್‌ಎಫ್‌ಎಸ್ ಮೂಲಕವೋ, ಹುಡುಕಿಕೊಳ್ಳುತ್ತದೆ. ಯಂತ್ರ ಯಾವ ಮೆಟ್ಟಿಲಿನಲ್ಲಿ ನಿಂತಿದೆ ಎಂಬುದನ್ನು ಗೊತ್ತುಮಾಡಿಕೊಳ್ಳದೆ ಸರ್ವರ್‌ನ ಆಯ್ಕೆಗಳನ್ನು ಬದಲಿಸುತ್ತಾ ಹೋದರೆ, ಸರಿಯಿದ್ದದ್ದೂ ಕೆಡುತ್ತದೆ.

ಯಾವ ಮೆಟ್ಟಿಲಿನಲ್ಲಿ ನಿಂತಿದೆ ಎಂದು ತಿಳಿಯುವುದು ಹೇಗೆ?

ಸರ್ವರ್‌ನಲ್ಲಿ ಜಾಲದ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಎಂಬ ಪ್ರೋಗ್ರಾಂ ಓಡಿಸಿ, ವರ್ಕ್‌ಸ್ಟೇಷನ್‌ನ ಮ್ಯಾಕ್ ವಿಳಾಸಕ್ಕೆ ಸಂಬಂಧಿಸಿದ ಎಲ್ಲ ಪ್ಯಾಕೆಟ್‌ಗಳನ್ನೂ ತೋರಿಸುವಂತೆ ಹೇಳಿ, ಆಮೇಲೆ ‘ಬೂಟ್ ನೆಟ್’ ಕೊಡಿ. ಐಪಿ ವಿಳಾಸದ ಆಧಾರದಲ್ಲಿ ಸೋಸಬೇಡಿ. ಮೊದಲ ಪ್ಯಾಕೆಟ್ ಹೊರಡುವಾಗ ಯಂತ್ರಕ್ಕೆ ಐಪಿ ವಿಳಾಸವೇ ಇರುವುದಿಲ್ಲ. ಏನೂ ಕಾಣದಿದ್ದರೆ ತೊಂದರೆ ಕೇಬಲ್, ಸ್ವಿಚ್ ಅಥವಾ ಮ್ಯಾಕ್ ವಿಳಾಸದಲ್ಲಿದೆ. ಆರ್‌ಎಆರ್‌ಪಿ ಪ್ರಶ್ನೆ ಮಾತ್ರ ಮತ್ತೆ ಮತ್ತೆ ಬಂದು ಉತ್ತರ ಹೋಗದಿದ್ದರೆ ಆರ್‌ಎಆರ್‌ಪಿ ಸೇವೆಯಲ್ಲಿದೆ. ಉತ್ತರ ಹೋಗಿ, 69ನೇ ಯುಡಿಪಿ ಪೋರ್ಟಿಗೆ ಕಡತದ ಬೇಡಿಕೆ ಬಂದು ಅಲ್ಲಿಗೇ ನಿಂತರೆ ಟಿಎಫ್‌ಟಿಪಿಯಲ್ಲಿದೆ. ಸಾವಿರಾರು ಪ್ಯಾಕೆಟ್‌ಗಳು ಹರಿದು ಆಮೇಲೆ ಮೌನವಾದರೆ ಕರ್ನಲ್ ಕಡೆಗೆ ನೋಡಬೇಕು. ಈ ಒಂದು ಪರೀಕ್ಷೆ ಉಳಿಸುವಷ್ಟು ಸಮಯವನ್ನು ಬೇರೆ ಯಾವುದೂ ಉಳಿಸುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

‘ಓಕೆ’ ಪ್ರಾಂಪ್ಟಿಗೇ ಬರಲು ಆಗುತ್ತಿಲ್ಲ. ಏನು ಮಾಡಬೇಕು?

‘ಓಕೆ’ ಪ್ರಾಂಪ್ಟ್ ಎಂದರೆ ಓಪನ್‌ಬೂಟ್ ನಿಮ್ಮ ಆದೇಶಕ್ಕಾಗಿ ಕಾಯುವ ಸಾಲು. ಸನ್ ಕೀಲಿಮಣೆ ಇದ್ದರೆ ಸ್ಟಾಪ್ ಮತ್ತು ಎ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಕೀಲಿಮಣೆ ಇಲ್ಲದಿದ್ದರೆ ಓಪನ್‌ಬೂಟ್ ತಾನಾಗಿಯೇ ಮೊದಲ ಸೀರಿಯಲ್ ಪೋರ್ಟನ್ನು ಕನ್ಸೋಲ್ ಮಾಡಿಕೊಳ್ಳುತ್ತದೆ. ಅಲ್ಟ್ರಾ 5 ಮತ್ತು 10ರಲ್ಲಿ ಅದು 25 ಪಿನ್‌ಗಳ ದೊಡ್ಡ ಪೋರ್ಟ್. ಪಕ್ಕದ 9 ಪಿನ್‌ಗಳದ್ದು ಎರಡನೆಯ ಪೋರ್ಟ್ ಆಗಿರುವುದರಿಂದ ಅದಕ್ಕೆ ಕೇಬಲ್ ಸಿಕ್ಕಿಸಿ ಕಾಯುವವರಿಗೆ ಏನೂ ಕಾಣಿಸುವುದಿಲ್ಲ. ನಲ್ ಮೋಡೆಮ್ ಕೇಬಲ್ ಬೇಕು. ವೇಗ 9600, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಸ್ಟಾಪ್-ಎ ಬದಲಿಗೆ ಟರ್ಮಿನಲ್ ಪ್ರೋಗ್ರಾಂನಿಂದ ಬ್ರೇಕ್ ಸಂಕೇತ ಕಳುಹಿಸಬೇಕು. ಪರದೆ, ಕೀಲಿಮಣೆ ಎರಡೂ ಇದ್ದವರಿಗೂ ಸೀರಿಯಲ್ ಕನ್ಸೋಲ್ ಬಳಸುವಂತೆ ನಾನು ಹೇಳುತ್ತೇನೆ, ಏಕೆಂದರೆ ದೋಷ ಸಂದೇಶಗಳು ಮೇಲಕ್ಕೆ ಸರಿದುಹೋದರೂ ಅಲ್ಲಿ ಅವುಗಳ ದಾಖಲೆ ಉಳಿಯುತ್ತದೆ.

‘ಐಡಿಪ್ರಾಮ್‌ನಲ್ಲಿರುವ ಮಾಹಿತಿ ಸರಿಯಿಲ್ಲ’ ಎಂಬ ಸಂದೇಶ ಬರುತ್ತಿದೆ. ಮ್ಯಾಕ್ ವಿಳಾಸದಲ್ಲಿ ಬರೀ ಎಫ್‌ಎಫ್ ಕಾಣುತ್ತಿದೆ.

ಇದು ಎನ್‌ವಿರಾಮ್ (ವಿದ್ಯುತ್ ಹೋದರೂ ಬ್ಯಾಟರಿಯಿಂದ ನೆನಪು ಉಳಿಸಿಕೊಳ್ಳುವ) ಚಿಪ್‌ನ ಒಳಗಿನ ಬ್ಯಾಟರಿ ಮುಗಿದಿರುವುದರ ಸ್ಪಷ್ಟ ಗುರುತು. ಐಡಿಪ್ರಾಮ್ ಎಂದರೆ ಅದರಲ್ಲಿ ಯಂತ್ರದ ಗುರುತಿನ ವಿವರಗಳಿರುವ ಭಾಗ. ಅಲ್ಟ್ರಾ 5 ಮತ್ತು 10ರಲ್ಲಿ ಎಂ48ಟಿ59 ಎಂಬ ಚಿಪ್ ಗಡಿಯಾರವನ್ನೂ, ಓಪನ್‌ಬೂಟ್‌ನ ಆಯ್ಕೆಗಳನ್ನೂ, ಯಂತ್ರದ ಮ್ಯಾಕ್ ವಿಳಾಸವನ್ನೂ ಒಟ್ಟಿಗೆ ಇಟ್ಟುಕೊಂಡಿರುತ್ತದೆ. ಬ್ಯಾಟರಿ ಚಿಪ್‌ನೊಳಗೇ ಮುಚ್ಚಿಹೋಗಿದೆ; ಸುಮಾರು ಹತ್ತು ವರ್ಷ ಬಾಳುವಂತೆ ಮಾಡಿದ್ದು ಇಂದು ಮುಗಿದಿರದಿದ್ದರೆ ಅದೇ ಆಶ್ಚರ್ಯ. ಎಲ್ಲ ಬಿಟ್‌ಗಳೂ 1 ಆಗಿರುವ ವಿಳಾಸ ಈಥರ್‌ನೆಟ್‌ನಲ್ಲಿ ‘ಎಲ್ಲರಿಗೂ’ ಎಂಬ ಅರ್ಥದ ಬ್ರಾಡ್‌ಕಾಸ್ಟ್ ವಿಳಾಸ. ಅದನ್ನು ಕಳುಹಿಸುವವರ ವಿಳಾಸವಾಗಿ ಇಟ್ಟುಕೊಂಡ ಪ್ಯಾಕೆಟ್ಟನ್ನು ಸ್ವಿಚ್ ಎಸೆದುಬಿಡುವುದರಿಂದ ನೆಟ್‌ವರ್ಕ್ ಬೂಟ್ ಸಾಧ್ಯವೇ ಇಲ್ಲ.

ತಾತ್ಕಾಲಿಕ ಪರಿಹಾರ ‘ಓಕೆ’ ಪ್ರಾಂಪ್ಟಿನಲ್ಲೇ ಇದೆ. ‘ಎಂಕೆಪಿ’ ಎಂಬ ಆದೇಶ ಐಡಿಪ್ರಾಮ್‌ನ ಒಂದೊಂದು ಬೈಟನ್ನು ಬರೆಯುತ್ತದೆ. ಮೊದಲು ಬೆಲೆ, ನಂತರ ಸ್ಥಾನ, ನಂತರ ಆದೇಶ ಎಂಬುದು ಕ್ರಮ, ಏಕೆಂದರೆ ಓಪನ್‌ಬೂಟ್‌ನ ಭಾಷೆ ಫೋರ್ತ್. 0ನೇ ಸ್ಥಾನಕ್ಕೆ 1 ಎಂಬ ನಮೂನೆ ಸಂಖ್ಯೆ, 1ನೇ ಸ್ಥಾನಕ್ಕೆ ‘ರಿಯಲ್-ಮೆಷಿನ್-ಟೈಪ್’ ಎಂಬ ಪದವೇ ಕೊಡುವ ಯಂತ್ರದ ಬಗೆ, 2ರಿಂದ 7ರವರೆಗೆ ಮ್ಯಾಕ್ ವಿಳಾಸದ ಆರು ಬೈಟ್‌ಗಳು. ಸನ್‌ನ ವಿಳಾಸಗಳು ಈ ಕಾಲದಲ್ಲಿ 08, 00, 20 ಎಂದು ಶುರುವಾಗುತ್ತಿದ್ದವು. ಉಳಿದ ಮೂರು ಬೈಟ್‌ಗಳು ಸಾಮಾನ್ಯವಾಗಿ ಚಿಪ್‌ನ ಮೇಲೆ ಅಂಟಿಸಿದ ಚೀಟಿಯಲ್ಲಿ ಸಿಗುತ್ತವೆ. ನಂತರದ ನಾಲ್ಕು ಸ್ಥಾನಗಳು ದಿನಾಂಕಕ್ಕೆ, ಅಲ್ಲಿ ಸೊನ್ನೆ ಸಾಕು. ಆಮೇಲಿನ ಮೂರು ಹೋಸ್ಟ್ ಐಡಿಗೆ. ಕೊನೆಯ ಹದಿನಾರನೆಯ ಬೈಟ್ ಮೊದಲ ಹದಿನೈದನ್ನೂ ಎಕ್ಸ್‌ಆರ್ ಮಾಡಿದಾಗ ಬರುವ ಪರಿಶೀಲನಾ ಮೊತ್ತ. ಇದು ತಪ್ಪಿದರೆ ಉಳಿದೆಲ್ಲ ಸರಿಯಿದ್ದರೂ ಅದೇ ಸಂದೇಶ ಮರಳಿ ಬರುತ್ತದೆ. ಮುಗಿದ ಮೇಲೆ ‘ಬ್ಯಾನರ್’ ಎಂದು ಕೊಟ್ಟು ವಿಳಾಸ ಸರಿಯಾಗಿ ಕಾಣುತ್ತಿದೆಯೇ ನೋಡಿ.

ಹೀಗೆ ಬರೆದದ್ದು ವಿದ್ಯುತ್ ಇರುವವರೆಗೆ ಮಾತ್ರ ಉಳಿಯುತ್ತದೆ. ಶಾಶ್ವತ ಪರಿಹಾರವೆಂದರೆ ಹೊಸ ಚಿಪ್ ಹಾಕುವುದು, ಅಥವಾ ಹಳೆಯ ಚಿಪ್‌ನ ಮೇಲ್ಪದರ ಕೊರೆದು ಹೊರಗಿನಿಂದ ಸಿಆರ್2032 ಬ್ಯಾಟರಿಗೆ ತಂತಿ ಬೆಸೆಯುವುದು. ಎರಡನೆಯದಕ್ಕೆ ಸ್ಥಿರವಾದ ಕೈ ಬೇಕು. ಬೆಸುಗೆಯ ಅಭ್ಯಾಸ ಇಲ್ಲದವರು ಹೊಸ ಚಿಪ್ಪನ್ನೇ ತರಿಸುವುದು ಲೇಸು.

ನಾನು ಕೇಳದಿದ್ದರೂ ಯಂತ್ರ ಆನ್ ಮಾಡಿದಾಗಲೆಲ್ಲ ನೆಟ್‌ವರ್ಕ್ ಬೂಟಿಗೇ ಹೋಗುತ್ತಿದೆ. ಏಕೆ?

‘ಡಯಾಗ್-ಸ್ವಿಚ್?’ ಎಂಬ ಆಯ್ಕೆ ‘ಟ್ರೂ’ ಆಗಿದ್ದರೆ ಓಪನ್‌ಬೂಟ್ ‘ಬೂಟ್-ಡಿವೈಸ್’ ಅನ್ನು ಬಿಟ್ಟು ‘ಡಯಾಗ್-ಡಿವೈಸ್’ ಅನ್ನು ಬಳಸುತ್ತದೆ, ಅದರ ಪೂರ್ವನಿಗದಿತ ಬೆಲೆ ‘ನೆಟ್’. ಎನ್‌ವಿರಾಮ್ ಸತ್ತ ಯಂತ್ರಗಳಲ್ಲಿ ಇದು ಆಗಾಗ ಕಾಣುತ್ತದೆ. ‘ಸೆಟ್‌ಎನ್ವ್’ ಬಳಸಿ ಅದನ್ನು ‘ಫಾಲ್ಸ್’ ಮಾಡಿ; ಪ್ರಯೋಗ ನಡೆಯುವವರೆಗೆ ‘ಆಟೋ-ಬೂಟ್?’ ಅನ್ನೂ ‘ಫಾಲ್ಸ್’ ಮಾಡಿಟ್ಟರೆ ಯಂತ್ರ ಪ್ರತಿ ಬಾರಿ ನೇರವಾಗಿ ಪ್ರಾಂಪ್ಟಿಗೆ ಬಂದು ನಿಲ್ಲುತ್ತದೆ.

‘ಎಆರ್‌ಪಿ/ಆರ್‌ಎಆರ್‌ಪಿ ಪ್ಯಾಕೆಟ್ಟಿಗಾಗಿ ಕಾದು ಸಮಯ ಮೀರಿತು’ ಎಂಬ ಸಾಲು ನಿರಂತರವಾಗಿ ಬರುತ್ತಿದೆ.

ಅತಿ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿಯೇ, ಮತ್ತು ಈ ಒಂದೇ ಸಂದೇಶದ ಹಿಂದೆ ಬೇರೆ ಬೇರೆ ಕಾರಣಗಳಿರುತ್ತವೆ.

ಟಿಸಿಪಿಡಂಪ್‌ನಲ್ಲಿ ಪ್ರಶ್ನೆಯೇ ಕಾಣದಿದ್ದರೆ ಮೊದಲು ಸ್ವಿಚ್ಚನ್ನು ನೋಡಿ. ನಿರ್ವಹಣೆಯುಳ್ಳ ಸ್ವಿಚ್‌ಗಳಲ್ಲಿ ಸ್ಪ್ಯಾನಿಂಗ್ ಟ್ರೀ (ಜಾಲದಲ್ಲಿ ಸುತ್ತುದಾರಿ ಆಗದಂತೆ ತಡೆಯುವ ವ್ಯವಸ್ಥೆ) ಚಾಲ್ತಿಯಲ್ಲಿದ್ದರೆ, ಲಿಂಕ್ ಮೇಲೆದ್ದ ಮೇಲೆ ಆಲಿಸಲು 15 ಸೆಕೆಂಡು, ಕಲಿಯಲು 15 ಸೆಕೆಂಡು ಎಂದು ಒಟ್ಟು 30 ಸೆಕೆಂಡು ಕಾಲ ಆ ಪೋರ್ಟ್ ಏನನ್ನೂ ದಾಟಿಸುವುದಿಲ್ಲ. ಬೂಟ್ ಪ್ರಯತ್ನ ಶುರುವಾದಾಗ ಓಪನ್‌ಬೂಟ್ ಲಿಂಕನ್ನು ಹೊಸದಾಗಿ ಎಬ್ಬಿಸುವುದರಿಂದ ಮೊದಲ ಹಲವು ಪ್ರಶ್ನೆಗಳು ಗಾಳಿಗೆ ಹೋಗುತ್ತವೆ. ಆ ಪೋರ್ಟಿಗೆ ಪೋರ್ಟ್‌ಫಾಸ್ಟ್ ಆಯ್ಕೆ ಕೊಡಿ, ಅಥವಾ ನಿರ್ವಹಣೆಯಿಲ್ಲದ ಸಾದಾ ಸ್ವಿಚ್ಚೊಂದನ್ನು ನಡುವೆ ಇಡಿ.

ಪ್ರಶ್ನೆ ಬರುತ್ತಿದ್ದು ಉತ್ತರ ಹೋಗದಿದ್ದರೆ, ಸರ್ವರ್‌ನಲ್ಲಿ ಆರ್‌ಎಆರ್‌ಪಿ ಸೇವೆ ನಿಜವಾಗಿ ಓಡುತ್ತಿದೆಯೇ ನೋಡಬೇಕು. ಲಿನಕ್ಸ್ 2.2ರವರೆಗೆ ಈ ಉತ್ತರವನ್ನು ಕರ್ನಲ್ಲೇ ಕೊಡುತ್ತಿತ್ತು, 2.4ರಿಂದ ಈಚೆಗೆ ‘ಆರ್‌ಎಆರ್‌ಪಿಡಿ’ ಎಂಬ ಪ್ರತ್ಯೇಕ ಪ್ರೋಗ್ರಾಂ ಬೇಕು. ಹಳೆಯ ಕೈಪಿಡಿಗಳನ್ನು ಹಿಡಿದು ಕೂತವರಿಗೆ ಈ ಬದಲಾವಣೆ ಕಣ್ತಪ್ಪುತ್ತದೆ. ಆ ಪ್ರೋಗ್ರಾಂ ‘ಈಥರ್ಸ್’ ಕಡತದಲ್ಲಿ ಮ್ಯಾಕ್ ವಿಳಾಸಕ್ಕೆ ತಕ್ಕ ಹೆಸರನ್ನೂ, ‘ಹೋಸ್ಟ್ಸ್’ ಕಡತದಲ್ಲಿ ಆ ಹೆಸರಿಗೆ ತಕ್ಕ ಐಪಿ ವಿಳಾಸವನ್ನೂ ಹುಡುಕುತ್ತದೆ. ಎರಡರಲ್ಲೂ ಹೆಸರು ಅಕ್ಷರಶಃ ಒಂದೇ ಆಗಿರಬೇಕು.

ಅವೆರಡೂ ಸರಿಯಿದ್ದೂ ಮೌನವಾಗಿದ್ದರೆ ಕಾರಣ ಬಹುತೇಕ ಇದು: ಆರ್‌ಎಆರ್‌ಪಿಡಿ ಉತ್ತರಿಸುವ ಮೊದಲು ಆ ಐಪಿ ವಿಳಾಸಕ್ಕೆ ಬೂಟ್ ಕಡತ ಇದೆಯೇ ಎಂದು ‘ಟಿಎಫ್‌ಟಿಪಿಬೂಟ್’ ಎಂಬ ಹಳೆಯ ಕಾಲದ ಕೋಶದಲ್ಲಿ ನೋಡುತ್ತದೆ. ಈಗಿನ ಡೆಬಿಯನ್‌ನ ಟಿಎಫ್‌ಟಿಪಿ ಸರ್ವರ್ ಮಾತ್ರ ತನ್ನ ಕಡತಗಳನ್ನು ‘ಎಸ್‌ಆರ್‌ವಿ’ ಕೋಶದ ಒಳಗಿನ ‘ಟಿಎಫ್‌ಟಿಪಿ’ಯಲ್ಲಿ ಇಡುತ್ತದೆ. ನೀವು ಕಡತವನ್ನು ಎರಡನೆಯ ಜಾಗದಲ್ಲಿ ಸರಿಯಾಗಿಯೇ ಇಟ್ಟಿರುತ್ತೀರಿ, ಆರ್‌ಎಆರ್‌ಪಿಡಿ ಮೊದಲ ಜಾಗದಲ್ಲಿ ಕಾಣದೆ ಸುಮ್ಮನಿರುತ್ತದೆ, ದೋಷ ಸಂದೇಶ ಎಲ್ಲಿಯೂ ಬರುವುದಿಲ್ಲ. ‘-ಬಿ’ ಆಯ್ಕೆಯಿಂದ ಸರಿಯಾದ ಕೋಶವನ್ನು ತೋರಿಸಿ, ಅಥವಾ ‘-ಇ’ ಆಯ್ಕೆಯಿಂದ ಈ ಪರಿಶೀಲನೆಯನ್ನೇ ಬಿಡಿಸಿ.

ನನ್ನ ಸರ್ವರ್ ಲ್ಯಾಪ್‌ಟಾಪ್‌ನಲ್ಲಿರುವ ವರ್ಚುವಲ್ ಯಂತ್ರ. ಅದು ನಡೆಯುತ್ತದೆಯೇ?

ಆರ್‌ಎಆರ್‌ಪಿ ಐಪಿಯ ಮೇಲೆ ಕೂತ ಪ್ರೋಟೊಕಾಲ್ ಅಲ್ಲ; ಅದು ಈಥರ್‌ನೆಟ್ ಮಟ್ಟದ್ದು. ಹಾಗಾಗಿ ರೌಟರ್ ಅದನ್ನು ದಾಟಿಸುವುದಿಲ್ಲ, ವರ್ಚುವಲ್ ಯಂತ್ರದ ನ್ಯಾಟ್ ಜಾಲವೂ ದಾಟಿಸುವುದಿಲ್ಲ. ಬ್ರಿಡ್ಜ್ ಜಾಲವನ್ನು ಆರಿಸಿ, ಲ್ಯಾಪ್‌ಟಾಪ್‌ಗೆ ವೈಫೈ ಬಿಟ್ಟು ತಂತಿಯ ಸಂಪರ್ಕ ಕೊಡಿ.

ಆರ್‌ಎಆರ್‌ಪಿಯ ಗೊಡವೆ ಬಿಟ್ಟು ಡಿಎಚ್‌ಸಿಪಿ ಬಳಸಬಹುದೇ?

ಡಿಎಚ್‌ಸಿಪಿ ಎಂದರೆ ಯಂತ್ರಗಳಿಗೆ ಐಪಿ ವಿಳಾಸದ ಜೊತೆ ಜಾಲದ ಇತರ ವಿವರಗಳನ್ನೂ ಕೊಡುವ ಹೊಸ ಪ್ರೋಟೊಕಾಲ್. ಓಪನ್‌ಬೂಟ್ ಸಾಕಷ್ಟು ಹೊಸದಾಗಿದ್ದರೆ ಬಳಸಬಹುದು. ‘.ವರ್ಷನ್’ ಎಂದು ಕೊಟ್ಟರೆ ಆವೃತ್ತಿ ಕಾಣುತ್ತದೆ. ‘ಬೂಟ್ ನೆಟ್:ಡಿಎಚ್‌ಸಿಪಿ’ ಎಂಬ ಆದೇಶವನ್ನು 3ನೇ ಸರಣಿಯ ಕೊನೆಯ ಆವೃತ್ತಿಗಳು ಒಪ್ಪುತ್ತವೆ, ಮೊದಲಿನವು ಒಪ್ಪುವುದಿಲ್ಲ. ಡಿಎಚ್‌ಸಿಪಿಯಲ್ಲಿ ಕಡತದ ಹೆಸರನ್ನೂ ಸರ್ವರ್ ವಿಳಾಸವನ್ನೂ ನೀವೇ ಕೊಡುವುದರಿಂದ ಹದಿನಾರರ ಲೆಕ್ಕದ ಹೆಸರಿಡುವ ಕಷ್ಟ ತಪ್ಪುತ್ತದೆ. ಡಿಎನ್‌ಎಸ್‌ಮಾಸ್ಕ್ ಒಂದೇ ಡಿಎಚ್‌ಸಿಪಿ, ಟಿಎಫ್‌ಟಿಪಿ ಎರಡನ್ನೂ ನೋಡಿಕೊಳ್ಳುತ್ತದೆ, ಆದರೆ ಅದಕ್ಕೆ ಆರ್‌ಎಆರ್‌ಪಿ ಬಾರದು. ಸ್ಪಾರ್ಕ್‌ಸ್ಟೇಷನ್‌ಗಳಲ್ಲಿ ಆರ್‌ಎಆರ್‌ಪಿಯೊಂದೇ ದಾರಿ.

ಕಡತದ ಹೆಸರನ್ನು ನಿಖರವಾಗಿ ಹೇಗೆ ಬರೆಯಬೇಕು?

ಐಪಿ ವಿಳಾಸದ ನಾಲ್ಕು ಭಾಗಗಳಲ್ಲಿ ಪ್ರತಿಯೊಂದನ್ನೂ ಹದಿನಾರರ ಆಧಾರದ ಎರಡು ಅಂಕಿಗಳಿಗೆ ಬದಲಿಸಿ, ನಡುವೆ ಚುಕ್ಕಿ ಇಲ್ಲದೆ, ಅಕ್ಷರಗಳೆಲ್ಲ ದೊಡ್ಡಕ್ಷರದಲ್ಲಿರುವಂತೆ ಜೋಡಿಸಬೇಕು. 192.168.10.25 ಎಂಬ ವಿಳಾಸಕ್ಕೆ ಹೆಸರು ಸಿ0ಎ80ಎ19. ಇಲ್ಲಿ 10 ಎಂಬುದು 0ಎ ಆಗಬೇಕು, ಬರೀ ಎ ಅಲ್ಲ. ಒಟ್ಟು ಎಂಟು ಅಂಕಿಗಳು ಇಲ್ಲದಿದ್ದರೆ ಎಲ್ಲೋ ಸೊನ್ನೆ ಬಿಟ್ಟಿದೆ ಎಂದೇ ಅರ್ಥ. ಅಲ್ಟ್ರಾ ಯಂತ್ರಗಳಿಗೆ ಇಷ್ಟು ಸಾಕು. ಸ್ಪಾರ್ಕ್‌ಸ್ಟೇಷನ್ 5, 10, 20 ಮುಂತಾದವು ಇದರ ಕೊನೆಗೆ ಒಂದು ಚುಕ್ಕಿಯನ್ನೂ ‘ಸನ್4ಎಂ’ ಎಂಬುದನ್ನೂ ದೊಡ್ಡಕ್ಷರಗಳಲ್ಲಿ ಸೇರಿಸಿ ಕೇಳುತ್ತವೆ.

ಕರ್ನಲ್ ಕಡತಕ್ಕೆ ತನ್ನದೇ ಹೆಸರನ್ನು ಉಳಿಸಿ, ಈ ಹೆಸರಿನಲ್ಲಿ ಸಿಂಬಾಲಿಕ್ ಲಿಂಕ್ ಮಾಡುವುದು ಅನುಕೂಲ. ಆದರೆ ಲಿಂಕ್ ಸಾಪೇಕ್ಷವಾಗಿರಲಿ. ಟಿಎಫ್‌ಟಿಪಿ ಸರ್ವರ್ ಸುರಕ್ಷತೆಗಾಗಿ ತನ್ನ ಕೋಶವನ್ನೇ ಇಡೀ ಜಗತ್ತು ಎಂದು ಭಾವಿಸಿ ಓಡುವುದರಿಂದ, ಮೂಲದಿಂದ ಪೂರ್ಣ ದಾರಿ ಬರೆದ ಲಿಂಕ್ ನಿಮಗೆ ಶೆಲ್‌ನಲ್ಲಿ ಸರಿಯಾಗಿ ತೆರೆದುಕೊಂಡರೂ ಸರ್ವರ್‌ಗೆ ತೆರೆದುಕೊಳ್ಳುವುದಿಲ್ಲ. ಕಡತವನ್ನು ಎಲ್ಲರೂ ಓದುವಂತೆ ಅನುಮತಿ ಇರಬೇಕು ಎಂಬುದನ್ನೂ ಮರೆಯಬಾರದು.

ಕಡತ ಬರುತ್ತಿದೆ, ಆದರೆ ತೀರಾ ನಿಧಾನ; ಕೆಲವೊಮ್ಮೆ ಅರ್ಧಕ್ಕೇ ನಿಲ್ಲುತ್ತದೆ.

ಟಿಎಫ್‌ಟಿಪಿ 512 ಬೈಟ್‌ಗಳ ಒಂದು ತುಂಡು ಕಳುಹಿಸಿ, ಅದು ಮುಟ್ಟಿತೆಂಬ ಉತ್ತರ ಬಂದ ನಂತರವೇ ಮುಂದಿನದನ್ನು ಕಳುಹಿಸುತ್ತದೆ. ಬಾವಿಕಟ್ಟೆಯಲ್ಲಿ ಒಂದೇ ಕೊಡ ಇಟ್ಟುಕೊಂಡು, ಅದು ಖಾಲಿಯಾಗಿ ಮರಳುವವರೆಗೆ ಹಗ್ಗ ಹಿಡಿದು ಕಾಯುವಂತೆ ಇದರ ನಡೆ. 8 ಎಂಬಿಯ ಕಡತಕ್ಕೆ 16,384 ತುಂಡುಗಳಾಗುತ್ತವೆ. ಅದರಲ್ಲಿ ನೂರಕ್ಕೊಂದು ಕಳೆದುಹೋದರೂ ಪ್ರತಿ ಬಾರಿ ಸೆಕೆಂಡುಗಟ್ಟಲೆ ಕಾಯುವಿಕೆ ಸೇರುತ್ತದೆ. ಆದ್ದರಿಂದ ಸಾಮಾನ್ಯ ಬಳಕೆಯಲ್ಲಿ ಗಮನಕ್ಕೇ ಬಾರದ ಸಣ್ಣ ನಷ್ಟವೂ ಇಲ್ಲಿ ಬೂಟನ್ನೇ ಕೆಡಿಸುತ್ತದೆ.

ನಷ್ಟಕ್ಕೆ ಮುಖ್ಯ ಕಾರಣ ಡ್ಯೂಪ್ಲೆಕ್ಸ್ (ಎರಡೂ ಕಡೆಯವರು ಒಟ್ಟಿಗೇ ಕಳುಹಿಸಬಹುದೇ, ಸರದಿಯಲ್ಲೇ ಕಳುಹಿಸಬೇಕೇ ಎಂಬ ಆಯ್ಕೆ) ಹೊಂದಿಕೆಯಾಗದಿರುವುದು. ಸ್ವಿಚ್ ಪೋರ್ಟನ್ನು 100 ಎಂಬಿಪಿಎಸ್ ಫುಲ್ ಡ್ಯೂಪ್ಲೆಕ್ಸ್ ಎಂದು ಕೈಯಿಂದ ಕಟ್ಟಿಹಾಕಿದ್ದರೆ, ಮಾತುಕತೆಗೆ ಉತ್ತರ ಸಿಗದ ವರ್ಕ್‌ಸ್ಟೇಷನ್ ಹಾಫ್ ಡ್ಯೂಪ್ಲೆಕ್ಸ್‌ಗೆ ಇಳಿಯುತ್ತದೆ, ಎರಡೂ ಕಡೆಯವರು ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡತೊಡಗುತ್ತಾರೆ. ಸ್ವಿಚ್‌ನ ಪೋರ್ಟನ್ನು ಸ್ವಯಂ ನಿಗದಿಗೆ ಬಿಡಿ. ಸ್ಪಾರ್ಕ್‌ಸ್ಟೇಷನ್ 5ರ ಮೂಲ ಈಥರ್‌ನೆಟ್ 10 ಎಂಬಿಪಿಎಸ್‌ನದು ಮಾತ್ರ. ಹೊಸ ಕಾಲದ ಅತಿವೇಗದ ಪೋರ್ಟ್‌ಗಳಲ್ಲಿ ಕೆಲವು ಆ ವೇಗವನ್ನೇ ಕೈಬಿಟ್ಟಿರುವುದರಿಂದ ಅಲ್ಲಿ ಹಳೆಯ 10/100 ಸ್ವಿಚ್ಚೇ ಹೆಚ್ಚು ಉಪಯುಕ್ತ.

ಕಡತವು 32 ಎಂಬಿಯ ಆಸುಪಾಸಿನಲ್ಲಿ ನಿಂತರೆ ಕಾರಣ ಬೇರೆ: ತುಂಡುಗಳ ಸಂಖ್ಯೆಗೆ ಪ್ರೋಟೊಕಾಲ್‌ನಲ್ಲಿರುವುದು 16 ಬಿಟ್ ಜಾಗ, ಅಂದರೆ 65,535ರವರೆಗೆ. ಅಷ್ಟು ದೊಡ್ಡ ಕಡತ ಕಳುಹಿಸುವ ಅಗತ್ಯವೇ ಬಾರದಂತೆ ರಾಮ್‌ಡಿಸ್ಕನ್ನು ಚಿಕ್ಕದು ಮಾಡಿ.

ಬೇಡಿಕೆ ಬಂದರೂ ಟಿಎಫ್‌ಟಿಪಿ ಸರ್ವರ್ ಉತ್ತರಿಸುತ್ತಿಲ್ಲ ಅಥವಾ ಮೊದಲ ತುಂಡಿಗೇ ನಿಲ್ಲುತ್ತದೆ.

ಫೈರ್‌ವಾಲ್ ನೋಡಿ. ಬೇಡಿಕೆ 69ನೇ ಪೋರ್ಟಿಗೆ ಬಂದರೂ ಸರ್ವರ್ ಬೇರೊಂದು ಪೋರ್ಟಿನಿಂದ ಉತ್ತರಿಸಿ, ಮುಂದಿನ ಸಂಭಾಷಣೆಯನ್ನೆಲ್ಲ ಅಲ್ಲಿಯೇ ನಡೆಸುತ್ತದೆ. 69 ಒಂದನ್ನೇ ತೆರೆದು ಸಂಪರ್ಕದ ಜಾಡನ್ನು ಹಿಡಿಯದ ನಿಯಮಗಳು ಇದ್ದರೆ ವರ್ಕ್‌ಸ್ಟೇಷನ್‌ನ ಸ್ವೀಕೃತಿ ಹೊರಗೇ ಉಳಿಯುತ್ತದೆ. ಒಂದೇ ಜಾಲದಲ್ಲಿ ಎರಡು ಯಂತ್ರಗಳು ಆರ್‌ಎಆರ್‌ಪಿಗೆ ಉತ್ತರಿಸುತ್ತಿವೆಯೇ ಎಂಬುದನ್ನೂ ಗಮನಿಸಿ. ಮೊದಲು ಉತ್ತರಿಸಿದ ಯಂತ್ರದ ಬಳಿಗೇ ಕಡತದ ಬೇಡಿಕೆ ಹೋಗುತ್ತದೆ. ಆರ್‌ಎಆರ್‌ಪಿಗಾಗಲಿ ಟಿಎಫ್‌ಟಿಪಿಗಾಗಲಿ ಗುರುತು ಪರೀಕ್ಷಿಸುವ ಯಾವ ವ್ಯವಸ್ಥೆಯೂ ಇಲ್ಲದಿರುವುದರಿಂದ, ಈ ಕೆಲಸಕ್ಕೆ ಕಚೇರಿಯ ಜಾಲದಿಂದ ಬೇರ್ಪಟ್ಟ ಸ್ವಿಚ್ ಇಡುವುದು ಎಲ್ಲ ರೀತಿಯಿಂದಲೂ ಕ್ಷೇಮ.

‘ಫಾಸ್ಟ್ ಡೇಟಾ ಆಕ್ಸೆಸ್ ಎಂಎಂಯು ಮಿಸ್’ ಎಂದು ಬಂದು ಪ್ರಾಂಪ್ಟಿಗೆ ಮರಳುತ್ತದೆ.

ಪ್ರೋಗ್ರಾಂ ತನಗೆ ನಕ್ಷೆ ಮಾಡಿಕೊಡದ ಸ್ಮೃತಿಯ ವಿಳಾಸವನ್ನು ಮುಟ್ಟಿದೆ ಎಂಬುದು ಇದರ ಅರ್ಥ. ಯಂತ್ರವನ್ನು ಒಮ್ಮೆ ಬೂಟ್ ಮಾಡಿ ನಡುವೆ ಸ್ಟಾಪ್-ಎ ಒತ್ತಿ ನಿಲ್ಲಿಸಿ, ಮತ್ತೆ ‘ಬೂಟ್ ನೆಟ್’ ಕೊಟ್ಟರೆ ಹಿಂದಿನ ಪ್ರಯತ್ನದ ಅವಶೇಷಗಳು ಸ್ಮೃತಿಯಲ್ಲಿ ಉಳಿದಿರುವುದರಿಂದ ಹೀಗಾಗುತ್ತದೆ. ‘ರಿಸೆಟ್-ಆಲ್’ ಕೊಟ್ಟು ಶುದ್ಧವಾದ ಪ್ರಾಂಪ್ಟಿಗೆ ಬಂದು ಮತ್ತೊಮ್ಮೆ ಪ್ರಯತ್ನಿಸಿ. ಆಗಲೂ ಬಂದರೆ ಕಡತದ ಕಡೆಗೆ ನೋಡಬೇಕು: ಅದು ಅರ್ಧ ಡೌನ್‌ಲೋಡ್ ಆಗಿರಬಹುದು ಅಥವಾ ಓಪನ್‌ಬೂಟ್ ಒಪ್ಪುವುದಕ್ಕಿಂತ ದೊಡ್ಡದಾಗಿರಬಹುದು. ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಬಂದರೆ ಬೇರೆ ಬಗೆಯ ಪ್ರೊಸೆಸರ್‌ಗೆ ಕಟ್ಟಿದ ಕಡತ ಹಾಕಿರುವ ಸಾಧ್ಯತೆಯೇ ಹೆಚ್ಚು.

ನಾನೇ ಕಟ್ಟಿದ ಕರ್ನಲ್ಲನ್ನು ಹಾಗೆಯೇ ಇಟ್ಟರೆ ಆಗುವುದಿಲ್ಲವೇ?

ಆಗುವುದಿಲ್ಲ. ಕರ್ನಲ್ ಕಟ್ಟಿದಾಗ ಸಿಗುವುದು ಎಲ್ಫ್ ಮಾದರಿಯ ಕಡತ. ನೆಟ್‌ವರ್ಕ್‌ನಿಂದ ಇಳಿಸಿಕೊಳ್ಳುವಾಗ ಹಳೆಯ ಓಪನ್‌ಬೂಟ್ ಬಯಸುವುದು ಅದಕ್ಕಿಂತ ಹಿಂದಿನ ಎ.ಔಟ್ ಮಾದರಿ. ‘ಎಲ್ಫ್‌ಟುಎಔಟ್’ ಎಂಬ ಸಲಕರಣೆ ಒಂದನ್ನು ಇನ್ನೊಂದಕ್ಕೆ ಬದಲಿಸುತ್ತದೆ. ರಾಮ್‌ಡಿಸ್ಕ್ ಕೂಡ ಬೇಕಿದ್ದರೆ ಕರ್ನಲ್‌ನ ಮೂಲದಲ್ಲೇ ‘ಪಿಗ್ಗಿಬ್ಯಾಕ್’ ಎಂಬ ಸಣ್ಣ ಪ್ರೋಗ್ರಾಂ ಇದ್ದು, ಅದು ರಾಮ್‌ಡಿಸ್ಕನ್ನು ಕರ್ನಲ್‌ನ ಬೆನ್ನಿಗೆ ಕಟ್ಟಿ ಒಂದೇ ಕಡತ ಮಾಡುತ್ತದೆ. ಓಪನ್‌ಬೂಟ್ ಒಂದು ಕಡತವನ್ನು ಮಾತ್ರ ಕೇಳುವುದರಿಂದ ಈ ಜೋಡಣೆ ಅನಿವಾರ್ಯ.

ಯಾವ ವಿತರಣೆಯನ್ನು ಆರಿಸಬೇಕು?

ಡೆಬಿಯನ್ ಸ್ಪಾರ್ಕ್‌ಗೆ ಅಧಿಕೃತವಾಗಿ ಬಂದ ಕೊನೆಯ ಆವೃತ್ತಿ 2013ರ ಡೆಬಿಯನ್ 7. ಅದರ ನೆಟ್‌ಬೂಟ್ ಕೋಶದಲ್ಲಿರುವ ‘ಬೂಟ್.ಐಎಂಜಿ’ ಎಂಬ ಒಂದೇ ಕಡತದಲ್ಲಿ ಕರ್ನಲ್ ಮತ್ತು ಇನ್‌ಸ್ಟಾಲರ್ ಎರಡೂ ಇವೆ. ನೆಟ್‌ವರ್ಕ್ ಬೂಟ್ ನಡೆಯುತ್ತಿದೆಯೇ ಎಂದು ಪರೀಕ್ಷಿಸಲು ಇದಕ್ಕಿಂತ ಸರಳವಾದದ್ದು ಇಲ್ಲ. ಆದರೆ ಅದಕ್ಕೆ ಈಗ ಸುರಕ್ಷತಾ ಪರಿಷ್ಕರಣೆಗಳಿಲ್ಲ, ಪ್ಯಾಕೇಜುಗಳೂ ಡೆಬಿಯನ್‌ನ ಹಳೆಯ ಸಂಗ್ರಹದ ಸರ್ವರ್‌ನಲ್ಲಿ ಮಾತ್ರ ಸಿಗುತ್ತವೆ. ಹೊಸ ತಂತ್ರಾಂಶ ಬೇಕೆನ್ನುವವರಿಗೆ ಡೆಬಿಯನ್ ಪೋರ್ಟ್ಸ್‌ನ ಸ್ಪಾರ್ಕ್64 ಅಥವಾ ಜೆಂಟೂ ಇವೆ. ಮೊದಲು ಹಳೆಯ ಕಡತದಿಂದ ದಾರಿ ಸುಗಮವಾಗಿದೆಯೆಂದು ಖಚಿತಪಡಿಸಿಕೊಂಡು, ನಂತರ ಹೊಸದಕ್ಕೆ ಹೋಗುವುದು ವಿವೇಕ. ಸ್ಪಾರ್ಕ್‌ಸ್ಟೇಷನ್‌ನಂಥ 32 ಬಿಟ್ ಯಂತ್ರಗಳಿಗೆ 2007ರ ಡೆಬಿಯನ್ 4 ಕೊನೆಯದು; ಅವುಗಳಲ್ಲಿ ಇಂದಿಗೂ ಪರಿಷ್ಕರಣೆ ಪಡೆಯುವ ವ್ಯವಸ್ಥೆ ಬೇಕಿದ್ದರೆ ನೆಟ್‌ಬಿಎಸ್‌ಡಿಯನ್ನು ನೋಡುವಂತೆ ಮನಃಪೂರ್ವಕವಾಗಿ ಹೇಳುತ್ತೇನೆ.

ಕರ್ನಲ್ ಶುರುವಾದ ಕೂಡಲೇ ಪರದೆ ಕಪ್ಪಾಗುತ್ತದೆ.

ಅಲ್ಟ್ರಾ 5 ಮತ್ತು 10ರ ಮದರ್‌ಬೋರ್ಡಿನಲ್ಲಿರುವುದು ಎಟಿಐ ಗ್ರಾಫಿಕ್ಸ್ ಚಿಪ್. ಕರ್ನಲ್‌ನ ಎಟಿವೈಎಫ್‌ಬಿ ಡ್ರೈವರ್ ಅದನ್ನು ಕೈಗೆತ್ತಿಕೊಂಡಾಗ ಕೆಲವೊಮ್ಮೆ ಚಿತ್ರ ಬೇರೆಡೆಗೆ ಹೋಗುತ್ತದೆ. ‘ಬೂಟ್ ನೆಟ್’ ನಂತರ ‘ವಿಡಿಯೋ=ಎಟಿವೈಎಫ್‌ಬಿ:ಆಫ್’ ಎಂದು ಸೇರಿಸಿ; ಅಲ್ಲಿ ಬರೆದದ್ದನ್ನು ಓಪನ್‌ಬೂಟ್ ಕರ್ನಲ್‌ಗೆ ತಲುಪಿಸುತ್ತದೆ. ಸೀರಿಯಲ್ ಕನ್ಸೋಲ್‌ನಲ್ಲಿ ಇರುವವರಿಗೆ ಈ ತೊಂದರೆಯೇ ಬರುವುದಿಲ್ಲ.

ಇನ್‌ಸ್ಟಾಲರ್ ಬಂತು, ಆದರೆ ‘ಡಿಎಚ್‌ಸಿಪಿ ವಿಫಲ’ ಎನ್ನುತ್ತದೆ. ಈಗಷ್ಟೇ ಇದೇ ಜಾಲದಿಂದ ಬೂಟ್ ಆಯಿತಲ್ಲ?

ಓಪನ್‌ಬೂಟ್ ಪಡೆದ ಐಪಿ ವಿಳಾಸ ಅದರೊಂದಿಗೇ ಮುಗಿಯಿತು. ಇನ್‌ಸ್ಟಾಲರ್ ಹೊಸದಾಗಿ ತನ್ನ ಪಾಡಿಗೆ ಡಿಎಚ್‌ಸಿಪಿ ಕೇಳುತ್ತದೆ, ನಿಮ್ಮ ಜಾಲದಲ್ಲಿ ಇರುವುದು ಆರ್‌ಎಆರ್‌ಪಿ ಮಾತ್ರ. ವಿಳಾಸ, ನೆಟ್‌ಮಾಸ್ಕ್, ಗೇಟ್‌ವೇ, ಡಿಎನ್‌ಎಸ್ ಇವನ್ನು ಕೈಯಿಂದ ತುಂಬಿಸಿ ಮುಂದುವರಿಯಬಹುದು. ಇದರ ಬೆನ್ನಲ್ಲೇ ಪ್ಯಾಕೇಜ್ ಪಟ್ಟಿಯ ಸಹಿ ಅಥವಾ ದಿನಾಂಕದ ಬಗ್ಗೆ ದೂರು ಬಂದರೆ ಯಂತ್ರದ ಗಡಿಯಾರವನ್ನು ನೋಡಿ. ಎನ್‌ವಿರಾಮ್ ಬ್ಯಾಟರಿ ಸತ್ತಿದ್ದರೆ ದಿನಾಂಕ ದಶಕಗಳಷ್ಟು ಹಿಂದಿರುತ್ತದೆ.

ಡಿಸ್ಕ್ ಇಲ್ಲದೆಯೇ ಓಡಿಸಬೇಕು; ಕರ್ನಲ್ ಬರುತ್ತದೆ, ಎನ್‌ಎಫ್‌ಎಸ್ ರೂಟ್ ಸಿಗುತ್ತಿಲ್ಲ.

ಮೊದಲಿಗೆ ಕರ್ನಲ್‌ನಲ್ಲಿ ಎನ್‌ಎಫ್‌ಎಸ್ ರೂಟ್, ಐಪಿಯ ಸ್ವಯಂ ನಿಗದಿ, ಮತ್ತು ಅಲ್ಟ್ರಾದ ಈಥರ್‌ನೆಟ್ ಚಿಪ್‌ನ ಸನ್‌ಎಚ್‌ಎಂಇ ಡ್ರೈವರ್ ಮೂರೂ ಮಾಡ್ಯೂಲ್ ಆಗಿರದೆ ಒಳಗೇ ಸೇರಿರಬೇಕು. ಮಾಡ್ಯೂಲ್ ಇರುವ ಡಿಸ್ಕಿಗೆ ಹೋಗಲು ಆ ಮಾಡ್ಯೂಲೇ ಬೇಕೆಂಬ ಸಿಕ್ಕು ಹೀಗೆ ತಪ್ಪುತ್ತದೆ. ಆರ್‌ಎಆರ್‌ಪಿಯಿಂದಲೇ ವಿಳಾಸ ಪಡೆಯಬೇಕಿದ್ದರೆ ಆ ಆಯ್ಕೆಯನ್ನು ಪ್ರತ್ಯೇಕವಾಗಿ ಚಾಲ್ತಿಗೊಳಿಸಬೇಕು.

ಅದಾದ ಮೇಲೂ ‘ರೂಟ್ ಮೌಂಟ್ ಆಗಲಿಲ್ಲ’ ಎಂದರೆ ಎರಡು ಕಾಲಗಳ ನಡುವಿನ ಬಿರುಕನ್ನು ನೋಡುತ್ತಿದ್ದೀರಿ. ಹಳೆಯ ಕರ್ನಲ್‌ಗಳು ಎನ್‌ಎಫ್‌ಎಸ್‌ನ 2ನೇ ಆವೃತ್ತಿಯನ್ನು ಯುಡಿಪಿಯ ಮೇಲೆ ಕೇಳುತ್ತವೆ. ಇಂದಿನ ಲಿನಕ್ಸ್ ಸರ್ವರ್‌ಗಳು ಆ ಎರಡನ್ನೂ ಪೂರ್ವನಿಗದಿಯಲ್ಲೇ ಮುಚ್ಚಿರುತ್ತವೆ. ‘ಎನ್‌ಎಫ್‌ಎಸ್‌ರೂಟ್’ ಆಯ್ಕೆಯಲ್ಲಿ ಸರ್ವರ್ ಮತ್ತು ಕೋಶದ ಹೆಸರಿನ ನಂತರ ಅಲ್ಪವಿರಾಮ ಹಾಕಿ 3ನೇ ಆವೃತ್ತಿಯನ್ನೂ ಟಿಸಿಪಿಯನ್ನೂ ಸ್ಪಷ್ಟವಾಗಿ ಕೇಳಿ. ಸರ್ವರ್‌ನ ‘ಎಕ್ಸ್‌ಪೋರ್ಟ್ಸ್’ ಕಡತದಲ್ಲಿ ಆ ಕೋಶಕ್ಕೆ ‘ನೋ ರೂಟ್ ಸ್ಕ್ವಾಷ್’ (no_root_squash) ಕೊಟ್ಟಿರಬೇಕು. ಇಲ್ಲದಿದ್ದರೆ ಮೌಂಟ್ ಆಗಿಯೂ ವ್ಯವಸ್ಥೆ ಏಳುವಾಗ ಅನುಮತಿಯ ದೋಷಗಳು ಸಾಲುಗಟ್ಟುತ್ತವೆ.

ಹೆಚ್ಚುವರಿ ಈಥರ್‌ನೆಟ್ ಕಾರ್ಡ್ ಹಾಕಿದ್ದೇನೆ; ಅದರಿಂದ ಬೂಟ್ ಮಾಡುವುದು ಹೇಗೆ?

‘ನೆಟ್’ ಎಂಬುದು ಮದರ್‌ಬೋರ್ಡಿನ ಪೋರ್ಟಿಗೆ ಇಟ್ಟ ಅಡ್ಡಹೆಸರು ಮಾತ್ರ. ‘ಶೋ-ನೆಟ್ಸ್’ ಎಂದು ಕೊಟ್ಟರೆ ಓಪನ್‌ಬೂಟ್ ಗುರುತಿಸಿದ ಎಲ್ಲ ನೆಟ್‌ವರ್ಕ್ ಸಾಧನಗಳ ಪೂರ್ಣ ದಾರಿ ಕಾಣುತ್ತದೆ; ಬೇಕಾದ್ದನ್ನು ‘ಬೂಟ್’ ನಂತರ ನೇರವಾಗಿ ಬರೆಯಬಹುದು, ‘ಎನ್‌ವಿಎಲಿಯಾಸ್’ ಬಳಸಿ ಅದಕ್ಕೊಂದು ಹೆಸರನ್ನೂ ಇಡಬಹುದು. ಪಿಸಿಗಳಿಗಾಗಿ ಮಾಡಿದ ಸಾಧಾರಣ ಕಾರ್ಡುಗಳು ಈ ಪಟ್ಟಿಯಲ್ಲಿ ಕಾಣುವುದಿಲ್ಲ, ಏಕೆಂದರೆ ಅವುಗಳ ರೋಮ್ (ROM) ಚಿಪ್‌ನಲ್ಲಿ ಓಪನ್‌ಬೂಟ್‌ಗೆ ಅರ್ಥವಾಗುವ ಫೋರ್ತ್ ಕೋಡ್ ಇರುವುದಿಲ್ಲ. ಲಿನಕ್ಸ್ ಎದ್ದ ಮೇಲೆ ಅವು ಕೆಲಸ ಮಾಡಬಹುದು, ಬೂಟಿಗೆ ಬರುವುದಿಲ್ಲ. ‘ಲೋಕಲ್-ಮ್ಯಾಕ್-ಅಡ್ರೆಸ್?’ ಎಂಬುದು ‘ಫಾಲ್ಸ್’ ಆಗಿದ್ದರೆ ಎಲ್ಲ ಪೋರ್ಟ್‌ಗಳೂ ಯಂತ್ರದ ಒಂದೇ ಮ್ಯಾಕ್ ವಿಳಾಸವನ್ನು ಬಳಸುತ್ತವೆ, ‘ಟ್ರೂ’ ಆಗಿದ್ದರೆ ಪ್ರತಿ ಕಾರ್ಡ್ ತನ್ನದನ್ನು. ಹಾಗಾಗಿ ‘ಈಥರ್ಸ್’ ಕಡತಕ್ಕೆ ಕಾರ್ಡಿನ ಚೀಟಿಯಲ್ಲಿರುವ ವಿಳಾಸವನ್ನು ಬರೆಯುವ ಬದಲು ಟಿಸಿಪಿಡಂಪ್‌ನಲ್ಲಿ ಕಂಡ ವಿಳಾಸವನ್ನೇ ಬರೆಯಿರಿ.